ಡಾಕ್ಟ್ರು ‘ಬೇಡ’ ಅಂದ ಮೇಲೆ: ತೂಕ ಇಳಿಸುವ ಆಪರೇಷನ್‌ಗೆ ಯಾವ ದಾರಿ ಹಿಡಿಯಬೇಕು?

ಅಕ್ಕನಿಗೆ ಆಗ 41 ವರ್ಷ. ಎತ್ತರ 160 ಸೆಂಟಿಮೀಟರ್, ತೂಕ 98 ಕಿಲೋ. ಶುಗರ್ ಬಂದು ಐದು ವರ್ಷವಾಗಿತ್ತು. ಎರಡು ಥರದ ಮಾತ್ರೆ ನುಂಗಿದರೂ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) 9ರಿಂದ ಕೆಳಗೆ ಬರುತ್ತಿರಲಿಲ್ಲ. ಬಸವನಗುಡಿಯ ನಮ್ಮ ಹಳೇ ಫ್ಯಾಮಿಲಿ ಡಾಕ್ಟರ ಹತ್ತಿರ ಹೋಗಿ ಬೇರಿಯಾಟ್ರಿಕ್ ಆಪರೇಷನ್ ಮಾತೆತ್ತಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಚೆನ್ನಾಗಿರೋ ಹೊಟ್ಟೆ ಯಾಕಮ್ಮ ಕೊಯ್ಸ್ಕೋತೀಯ? ರಾತ್ರಿ ಅನ್ನ ಬಿಡು, ಲಾಲ್‌ಬಾಗ್‌ನಲ್ಲಿ ಎರಡು ರೌಂಡ್ ಹಾಕು.” ಅಕ್ಕ ರಾತ್ರಿ ಅನ್ನ ಬಿಟ್ಟು ಆಗಲೇ ಆರು ವರ್ಷವಾಗಿತ್ತು.

ಮುಂದಿನ ಎಂಟು ತಿಂಗಳು ಅವಳ ಜೊತೆ ಫೈಲ್ ಹಿಡಿದು ಓಡಾಡಿದವಳು ನಾನು. ಆಮೇಲೆ ಗೊತ್ತಿದ್ದವರೆಲ್ಲ ಕೇಳಲು ಶುರು ಮಾಡಿದರು: ನಮ್ಮ ಡಾಕ್ಟ್ರೂ ಬೇಡ ಅಂತಿದಾರೆ, ಈಗ ಏನು ಮಾಡೋದು? ನಾನು ಡಾಕ್ಟರಲ್ಲ. ಆದರೆ ದಾರಿಗಳು ಯಾವುವು, ಯಾವುದರಲ್ಲಿ ಏನು ಸಿಗುತ್ತದೆ, ಏನು ಹೋಗುತ್ತದೆ ಅಂತ ಹೇಳಬಲ್ಲೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಸರ್ಕಾರಿ ವ್ಯವಸ್ಥೆಯಲ್ಲಾದರೆ ನಿಮ್ಮ ಡಾಕ್ಟರ ಪತ್ರವಿಲ್ಲದೆ ಈ ಆಪರೇಷನ್ ಕಡೆ ಹೆಜ್ಜೆ ಇಡುವುದೇ ಕಷ್ಟ. ಬೆಂಗಳೂರಿನಲ್ಲಿ ಆ ತೊಂದರೆಯಿಲ್ಲ. ಬೆಳಿಗ್ಗೆ ಫೋನ್ ಮಾಡಿದರೆ ಸಂಜೆಗೆ ಸರ್ಜನ್ ಎದುರು ಕೂತಿರಬಹುದು. ಇದು ಅನುಕೂಲವೂ ಹೌದು, ಅಪಾಯವೂ ಹೌದು. ನಿಮ್ಮನ್ನು ತಡೆಯುವವರು ಯಾರೂ ಇಲ್ಲ ಅಂದರೆ, ತಡೆಯಬೇಕಾದಾಗಲೂ ಯಾರೂ ಇರುವುದಿಲ್ಲ.

ಮೊದಲು, ಆ ‘ಬೇಡ’ ಯಾವ ಜಾತಿಯದು?

ಇದನ್ನು ತಿಳಿಯದೆ ಮುಂದೆ ಹೋಗಬೇಡಿ. ಕೆಲವು ‘ಬೇಡ’ಗಳಿಗೆ ಗಟ್ಟಿ ಕಾರಣ ಇರುತ್ತದೆ. ಥೈರಾಯ್ಡ್ ಹತೋಟಿಯಲ್ಲಿಲ್ಲ, ಕುಶಿಂಗ್ಸ್‌ನಂಥ ಹಾರ್ಮೋನ್ ಕಾಯಿಲೆಯ ಅನುಮಾನ ಇದೆ, ಲಿವರ್ ಸಿರೋಸಿಸ್‌ಗೆ ತಿರುಗಿದೆ, ಹೃದಯ ತೀರಾ ದುರ್ಬಲ, ಕುಡಿತ ಬಿಟ್ಟಿಲ್ಲ, ಖಿನ್ನತೆಗೆ ಚಿಕಿತ್ಸೆ ಆಗಿಲ್ಲ, ಗಬಗಬ ತಿಂದು ವಾಂತಿ ಮಾಡಿಕೊಳ್ಳುವ ಅಭ್ಯಾಸ ಇದೆ. ಇಂಥ ಕಡೆ ಡಾಕ್ಟ್ರು ಹೇಳುತ್ತಿರುವುದು ‘ಈಗ ಬೇಡ’ ಅಂತ. ಅದನ್ನು ದಾಟಿ ಇನ್ನೊಂದು ಆಸ್ಪತ್ರೆಗೆ ಓಡಿದರೆ ಕಾಯಿಲೆಯೂ ಜೊತೆಗೇ ಬರುತ್ತದೆ. ಕುಡಿತ ಅಥವಾ ತಿನ್ನುವ ಚಟದ ಸಮಸ್ಯೆ ಇದ್ದರೆ ಮೊದಲ ನಿಲ್ದಾಣ ಸರ್ಜನ್ ಅಲ್ಲ, ನಿಮ್ಹಾನ್ಸ್ ಅಥವಾ ಒಳ್ಳೆಯ ಮಾನಸಿಕ ತಜ್ಞರು. ಒಂದು ವರ್ಷದೊಳಗೆ ಮಗು ಬೇಕು ಅನ್ನುವವರಿಗೂ ‘ಈಗ ಬೇಡ’ ಸರಿಯಾದ ಮಾತೇ. ಆಪರೇಷನ್ ಆದ ಮೇಲೆ 12ರಿಂದ 18 ತಿಂಗಳು ಗರ್ಭ ಧರಿಸಬಾರದು ಅಂತಾರೆ.

ಇನ್ನು ಕೆಲವು ‘ಬೇಡ’ ಹಳೇ ಪುಸ್ತಕದವು. 1991ರಲ್ಲಿ ಅಮೆರಿಕದಲ್ಲಿ ಮಾಡಿದ ನಿಯಮದ ಪ್ರಕಾರ ಬಿಎಂಐ (ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿ) 40 ದಾಟಿರಬೇಕು, ಇಲ್ಲವೇ 35 ದಾಟಿ ಗಂಭೀರ ಕಾಯಿಲೆ ಇರಬೇಕು. ಎಷ್ಟೋ ಡಾಕ್ಟರು ಇನ್ನೂ ಅಲ್ಲೇ ಇದ್ದಾರೆ.

ಮೂರನೆಯದು ನಮಗೆಲ್ಲ ಗೊತ್ತಿರುವ ‘ಬೇಡ’: ಬಾಯಿ ಕಟ್ಟಿದರೆ ಸಾಕು, ಸೋಮಾರಿಗಳಿಗೆ ಈ ಆಪರೇಷನ್. ನಾಲ್ಕನೆಯದು ಭಯದ್ದು. ಹದಿನೈದು ವರ್ಷದ ಹಿಂದೆ ಅವರ ಪೇಷಂಟ್ ಒಬ್ಬರಿಗೆ ಹೊಲಿಗೆ ಸೋರಿ ಕಷ್ಟವಾಗಿರಬಹುದು. ಆ ಭಯ ಸುಳ್ಳಲ್ಲ, ಸೋರಿಕೆ ಈಗಲೂ ನೂರಕ್ಕೆ ಒಬ್ಬರ ಆಸುಪಾಸಿನಲ್ಲಿ ಆಗುತ್ತದೆ. ಆದರೆ ಅನುಭವಿ ಕೇಂದ್ರಗಳಲ್ಲಿ ಜೀವ ಹೋಗುವ ಅಪಾಯ ಸುಮಾರು ಸಾವಿರಕ್ಕೆ ಒಂದು.

ಯಾವ ಜಾತಿಯದು ಅಂತ ತಿಳಿಯಲು ಸುಲಭ ಉಪಾಯ ಇದೆ. “ಡಾಕ್ಟ್ರೇ, ಯಾವ ಕಾರಣಕ್ಕೆ ಬೇಡ ಅಂತ ಚೀಟಿಯಲ್ಲಿ ಬರೆದುಕೊಡ್ತೀರಾ?” ಅಂತ ಕೇಳಿ. ಗಟ್ಟಿ ಕಾರಣ ಇದ್ದರೆ ಬರೆಯುತ್ತಾರೆ. ಇಲ್ಲದಿದ್ದರೆ ಮಾತು ಲಾಲ್‌ಬಾಗ್ ಕಡೆ ಹೊರಳುತ್ತದೆ.

ಯಾವುದರಿಂದ ಅಳೆಯಬೇಕು

ತೂಕದ ಲೆಕ್ಕ ಮೊದಲು. ಅಕ್ಕನ ಎತ್ತರದವರಿಗೆ ಬಿಎಂಐ 27.5 ಅಂದರೆ 70 ಕಿಲೋ ಚಿಲ್ಲರೆ, 32.5 ಅಂದರೆ 83, 35 ಅಂದರೆ 90ಕ್ಕೆ ಸ್ವಲ್ಪ ಕಮ್ಮಿ, 37.5 ಅಂದರೆ 96, 40 ಅಂದರೆ 102. ನಮ್ಮ ದೇಶದ ಸರ್ಜನ್ನರು ಬಹಳ ಕಾಲದಿಂದ ಹಿಡಿದ ಲೆಕ್ಕ: ಕಾಯಿಲೆ ಇದ್ದರೆ 32.5, ಇಲ್ಲದಿದ್ದರೆ 37.5. ಭಾರತೀಯರಿಗೆ ಕಡಿಮೆ ತೂಕದಲ್ಲೇ ಶುಗರ್ ಅಂಟಿಕೊಳ್ಳುವುದರಿಂದ ಈ ರಿಯಾಯಿತಿ. 2022ರಲ್ಲಿ ಅಂತರರಾಷ್ಟ್ರೀಯ ಸಂಘಗಳು ನಿಯಮ ಇನ್ನೂ ಸಡಿಲ ಮಾಡಿ, ಏಷ್ಯಾದವರಿಗೆ 27.5ರಿಂದಲೇ ಯೋಚಿಸಬಹುದು ಅಂದವು.

ಇನ್ಶೂರೆನ್ಸ್‌ನವರು ಮಾತ್ರ ಇದನ್ನು ಒಪ್ಪಿಲ್ಲ. ಪಾಲಿಸಿಗಳಲ್ಲಿ ಐಆರ್‌ಡಿಎಐ (ಇನ್ಶೂರೆನ್ಸ್ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ) ಒಂದೇ ಥರ ಬರೆಸಿರುವ ಷರತ್ತು ನೋಡಿ: ವಯಸ್ಸು 18 ತುಂಬಿರಬೇಕು, ಡಾಕ್ಟರ ಸಲಹೆ ಇರಬೇಕು, ಬಿಎಂಐ 40 ಇರಬೇಕು. 35 ಇದ್ದರೆ ಜೊತೆಗೆ ಹತೋಟಿಗೆ ಬಾರದ ಶುಗರ್, ಹೃದಯದ ಕಾಯಿಲೆ ಅಥವಾ ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ) ಇರಬೇಕು. ಅದೂ ಆಪರೇಷನ್ ಇಲ್ಲದ ದಾರಿಗಳೆಲ್ಲ ಸೋತ ಮೇಲೆ. ಅಂದರೆ 32.5ಕ್ಕೂ 35ಕ್ಕೂ ನಡುವೆ ಇರುವವರಿಗೆ ಸರ್ಜನ್ ಹೂಂ ಅನ್ನುತ್ತಾರೆ, ಇನ್ಶೂರೆನ್ಸ್ ಊಹೂಂ ಅನ್ನುತ್ತದೆ. ಪೂರ್ತಿ ಖರ್ಚು ಕೈಯಿಂದ. ಎಷ್ಟೋ ಪಾಲಿಸಿಗಳಲ್ಲಿ ಎರಡು ಮೂರು ವರ್ಷದ ಕಾಯುವಿಕೆ ಬೇರೆ ಇರುತ್ತದೆ. ಐಟಿ ಕಂಪನಿಯ ಗ್ರೂಪ್ ಪಾಲಿಸಿ ಇದ್ದವರು ಕೆಲಸ ಬದಲಿಸುವ ಮೊದಲೇ ಎಚ್ಆರ್ ಹತ್ತಿರ ಕೇಳಿಕೊಳ್ಳಿ.

‘ಡಾಕ್ಟರ ಸಲಹೆ’ ಅಂದರೆ ಫ್ಯಾಮಿಲಿ ಡಾಕ್ಟರದ್ದೇ ಆಗಬೇಕಿಲ್ಲ, ಸರ್ಜನ್ನರೂ ಡಾಕ್ಟರೇ. ಆದರೆ ‘ಬೇರೆ ದಾರಿ ಸೋತವು’ ಅಂತ ತೋರಿಸುವ ಹಳೇ ಚೀಟಿಗಳು ಯಾರ ಹತ್ತಿರ ಇರುತ್ತವೆ? ಬೇಡ ಅಂದ ಡಾಕ್ಟರ ಹತ್ತಿರವೇ. ಅದಕ್ಕೇ ಜಗಳ ಆಡಿಕೊಂಡು ಎದ್ದು ಬರಬೇಡಿ.

ಮಿಕ್ಕ ಅಳತೆಗಳು ಎರಡು. ಆಪರೇಷನ್ ಆದ ಮೇಲೆ ಹತ್ತು ವರ್ಷ ನಿಮ್ಮ ರಕ್ತ ಪರೀಕ್ಷೆ ನೋಡುವವರು ಯಾರು? ಮನೆಯಲ್ಲಿ ಅಡುಗೆ ಮಾಡುವವರು ಒಪ್ಪಿದ್ದಾರಾ? ಎರಡನೆಯದು ನಗೆಪಾಟಲು ಅನಿಸಬಹುದು. ಆದರೆ ಆಪರೇಷನ್ ಆದವರಿಗೆ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು, ಹೊಟ್ಟೆಯಲ್ಲಿ ಜಾಗ ಮಾತ್ರ ಅರ್ಧ ಬಟ್ಟಲಿಗೆ. ಅನ್ನ ತಿಳಿಸಾರಿನ ಮನೆಯಲ್ಲಿ ಇದನ್ನು ಹೊಂದಿಸುವುದು ಸಣ್ಣ ಕೆಲಸ ಅಲ್ಲ. ನಮ್ಮಮ್ಮ ಮೊದಲ ತಿಂಗಳು ಪನೀರ್ ಅಂದರೆ ಹಬ್ಬದ ಅಡುಗೆ ಅಂತಲೇ ವಾದ ಮಾಡಿದಳು.

ಅದೇ ಡಾಕ್ಟರನ್ನು ಒಪ್ಪಿಸುವುದು

ಖರ್ಚು ಕಡಿಮೆ, ತಾಳ್ಮೆ ಜಾಸ್ತಿ. ವರ್ಷವರ್ಷದ ತೂಕ, ಮಾಡಿದ ಡಯೆಟ್‌ಗಳ ಪಟ್ಟಿ, ಶುಗರ್ ರಿಪೋರ್ಟ್ ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋಗಿ. ‘ಆಪರೇಷನ್‌ಗೆ ಒಪ್ಪಿಗೆ ಕೊಡಿ’ ಅನ್ನಬೇಡಿ. ‘ನನಗೆ ಇದು ಸರಿಹೊಂದುತ್ತಾ ಅಂತ ತಜ್ಞರಿಂದ ನೋಡಿಸಿಕೊಂಡು ಬರ್ತೀನಿ, ಒಂದು ಪತ್ರ ಕೊಡಿ’ ಅನ್ನಿ. ಮೊದಲನೆಯದಕ್ಕೆ ಇಲ್ಲ ಅನ್ನುವವರು ಎರಡನೆಯದಕ್ಕೆ ಹೂಂ ಅಂದಿದ್ದನ್ನು ಕಂಡಿದ್ದೇನೆ.

ಬಿಪಿ, ಶುಗರ್, ಹೃದಯ ಅಂತ ಮೂರು ನಾಲ್ಕು ಕಾಯಿಲೆಗೆ ಒಬ್ಬರ ಹತ್ತಿರವೇ ಹೋಗುತ್ತಿರುವವರಿಗೆ ಈ ದಾರಿ ಒಳ್ಳೆಯದು. ಎರಡು ಭೇಟಿ ಸಾಕು. ಅಷ್ಟರಲ್ಲಿ ಮಾತು ಕದಲದಿದ್ದರೆ ಬಿಡಿ.

ಇನ್ನೊಬ್ಬ ಫಿಸಿಷಿಯನ್ ಅಥವಾ ಎಂಡೋಕ್ರಿನಾಲಜಿಸ್ಟ್ (ಹಾರ್ಮೋನ್ ತಜ್ಞರು)

ನನ್ನನ್ನು ಕೇಳಿದರೆ ಹೆಚ್ಚಿನವರಿಗೆ ಇದೇ ಸರಿ. ಕಾರಣ ಸರಳ. ಆಪರೇಷನ್ ಆದರೆ ಇವರಿಗೆ ಲಾಭ ಇಲ್ಲ, ಆಗದಿದ್ದರೆ ನಷ್ಟವೂ ಇಲ್ಲ. ಹಾರ್ಮೋನ್ ಕಾಯಿಲೆ ಏನಾದರೂ ಅಡಗಿದ್ದರೆ ಹಿಡಿಯುವವರೂ ಇವರೇ. ಖಾಸಗಿ ಕ್ಲಿನಿಕ್‌ನಲ್ಲಿ ಫೀಸು ಸಾವಿರ ರೂಪಾಯಿ ಆಸುಪಾಸು. ಸೇಂಟ್ ಜಾನ್ಸ್, ಎಂ.ಎಸ್. ರಾಮಯ್ಯದಂಥ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ ಎಂಡೋಕ್ರಿನಾಲಜಿ ವಿಭಾಗ ಇದೆ. ಕಾಯಬೇಕು, ಬೆಳಿಗ್ಗೆ ಬೇಗ ಹೋಗಿ ಟೋಕನ್ ತೆಗೆದುಕೊಳ್ಳಬೇಕು, ಆದರೆ ನಿಧಾನವಾಗಿ ನೋಡುತ್ತಾರೆ.

ಹಳೇ ದಾಖಲೆ ಕೊಡಲು ಯಾರಾದರೂ ಮುಖ ತಿರುಗಿಸಿದರೆ ನೆನಪಿರಲಿ: ವೈದ್ಯರ ನಡವಳಿಕೆಯ 2002ರ ನಿಯಮದ ಪ್ರಕಾರ ಪೇಷಂಟ್ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಎರಡನೇ ಅಭಿಪ್ರಾಯ ಪಡೆಯುವುದೂ ನಿಮ್ಮ ಹಕ್ಕು, ದ್ರೋಹ ಅಲ್ಲ. ನಮ್ಮಲ್ಲಿ ಅದನ್ನು ದ್ರೋಹ ಅಂತ ತಿಳಿದು ಎಷ್ಟು ಜನ ವರ್ಷಗಟ್ಟಲೆ ಸುಮ್ನೆ ಕೂತಿರುತ್ತಾರೆ!

ತೊಂದರೆ ಒಂದೇ, ಸಮಯ. ಪರೀಕ್ಷೆ, ಮತ್ತೆ ಭೇಟಿ, ಮೂರು ತಿಂಗಳು ಔಷಧಿ ಬದಲಿಸಿ ನೋಡೋಣ ಅನ್ನುವುದು. ಅಕ್ಕನಿಗೆ ನಾಲ್ಕು ತಿಂಗಳು ಹಿಡಿಯಿತು. ಆದರೆ ಆ ನಾಲ್ಕು ತಿಂಗಳ ಚೀಟಿಗಳೇ ಮುಂದೆ ಇನ್ಶೂರೆನ್ಸ್ ಫೈಲಿನ ಬೆನ್ನೆಲುಬಾದವು.

ನೇರ ಸರ್ಜನ್ ಹತ್ತಿರ

ಬೇಗ ಆಗುವ ದಾರಿ. ಬಿಎಂಐ 40 ದಾಟಿದವರಿಗೆ, ಮೊಣಕಾಲು ಹೋಗಿ ನಡೆಯಲೂ ಆಗದವರಿಗೆ, ರಾತ್ರಿ ಉಸಿರು ಕಟ್ಟಿ ಎದ್ದು ಕೂರುವವರಿಗೆ ಇದರಲ್ಲಿ ತಪ್ಪೇನಿಲ್ಲ. ಆದರೆ ಸೀರೆ ಅಂಗಡಿಗೆ ಹೋಗಿ ‘ಸೀರೆ ಬೇಕಾ’ ಅಂತ ಅಂಗಡಿಯವರನ್ನೇ ಕೇಳಿದ ಹಾಗೆ ಆಗಬಾರದು. ಅಕ್ಕ ಮೊದಲು ಹೋದ ಒಂದು ಕಡೆ ಸರ್ಜನ್ ಬರುವ ಮೊದಲೇ ಒಬ್ಬ ಹುಡುಗಿ ಇಎಂಐ ಫಾರಂ ತಂದಿಟ್ಟಳು. ‘ಈ ವಾರ ಬುಕ್ ಮಾಡಿದರೆ ರಿಯಾಯಿತಿ’ ಅಂದಳು. ನಾವು ನೀರು ಕುಡಿದು ಎದ್ದು ಬಂದೆವು.

ಒಳ್ಳೆಯ ಸರ್ಜನ್ ನಿಮ್ಮನ್ನು ತಕ್ಷಣ ಒಪ್ಪುವುದಿಲ್ಲ. ಎಂಡೋಸ್ಕೋಪಿ ಮಾಡಿಸುತ್ತಾರೆ, ಗೊರಕೆ ಇದ್ದರೆ ಸ್ಲೀಪ್ ಸ್ಟಡಿ ಕೇಳುತ್ತಾರೆ, ಹೃದಯ ತಜ್ಞರ ಹತ್ತಿರ ಕಳಿಸುತ್ತಾರೆ, ಡಯಟೀಷಿಯನ್ ಮತ್ತು ಮಾನಸಿಕ ತಜ್ಞರ ಜೊತೆ ಕೂರಿಸುತ್ತಾರೆ. ಇವು ಯಾವುದೂ ಇಲ್ಲದೆ ತಾರೀಖು ಕೊಟ್ಟರೆ ಹಿಂದೆ ಸರಿಯಿರಿ. ನೋಂದಣಿ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ಇದೆಯಾ ನೋಡಿ. ವರ್ಷಕ್ಕೆ ಎಷ್ಟು ಆಪರೇಷನ್ ಮಾಡುತ್ತಾರೆ, ರಾತ್ರಿ ಎರಡು ಗಂಟೆಗೆ ಹೊಟ್ಟೆ ನೋವು ಬಂದರೆ ಫೋನ್ ಎತ್ತುವವರು ಯಾರು ಅಂತ ಕೇಳಿ. ಯಲಹಂಕದಲ್ಲಿ ಮನೆ, ಆಸ್ಪತ್ರೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅಂದರೆ ಎರಡು ಸಲ ಯೋಚಿಸಿ. ಮೊದಲ ವರ್ಷ ಮೂರು, ಆರು, ಹನ್ನೆರಡನೇ ತಿಂಗಳ ತಪಾಸಣೆಗೆ ಹೋಗಲೇಬೇಕು. ದೂರ ಇದ್ದರೆ ಜನ ತಪ್ಪಿಸುತ್ತಾರೆ.

ಹಣ: ಬೆಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲಿ ಸುಮಾರು ಎರಡೂವರೆಯಿಂದ ಐದು ಲಕ್ಷ. ಕಡಿಮೆ ಹೇಳಿದವರನ್ನು ಸ್ಟೇಪ್ಲರ್ ಕಾರ್ಟ್ರಿಡ್ಜ್ (ಜಠರ ಕತ್ತರಿಸಿ ಹೊಲಿಯುವ ಸಾಧನದ ಪಿನ್ನುಗಳು), ಐಸಿಯು, ಮುಂದಿನ ಡಯಟೀಷಿಯನ್ ಭೇಟಿ ಎಲ್ಲ ಸೇರಿದೆಯಾ ಅಂತ ಕೇಳಿ. ಸೋರಿಕೆ ಆಗಿ ಮತ್ತೆ ಒಳಗೆ ಸೇರಿದರೆ ಯಾರ ಖರ್ಚು ಅನ್ನುವುದನ್ನೂ ಬರಹದಲ್ಲೇ ಕೇಳಿ.

ಯಾವ ಆಪರೇಷನ್ ಅನ್ನುವ ಮಾತೂ ಇಲ್ಲೇ ಬರುತ್ತದೆ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕತ್ತರಿಸಿ ತೆಗೆಯುತ್ತಾರೆ. ಅದನ್ನು ವಾಪಸ್ ಇಡಲು ಆಗುವುದಿಲ್ಲ. ಕರುಳಿಗೆ ಕೈ ಹಾಕುವುದಿಲ್ಲ, ಹಾಗಾಗಿ ವಿಟಮಿನ್ ಕೊರತೆ ಸ್ವಲ್ಪ ಕಡಿಮೆ. ಆದರೆ ಎದೆಯುರಿ ಜಾಸ್ತಿ ಆಗಬಹುದು. ನಮ್ಮೂರಲ್ಲಿ ‘ನಂಗೆ ಗ್ಯಾಸ್ಟ್ರಿಕ್’ ಅನ್ನದವರು ಯಾರಿದ್ದಾರೆ? ಆ ಮಾತನ್ನು ಸರ್ಜನ್ ಹತ್ತಿರ ಬಿಡಿಸಿ ಹೇಳಿ: ಹೊಟ್ಟೆ ಉಬ್ಬರವಾ, ಇಲ್ಲ ಹುಳಿ ನೀರು ಗಂಟಲಿಗೆ ಬರುತ್ತಾ? ಎರಡನೆಯದಾದರೆ ಸ್ಲೀವ್ ನಿಮಗಲ್ಲದೆ ಇರಬಹುದು. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಜಠರವನ್ನು ಸುಮಾರು 30 ಎಂಎಲ್ ಚೀಲ ಮಾಡಿ ಕರುಳಿಗೆ ಜೋಡಿಸುತ್ತಾರೆ. ಎದೆಯುರಿಗೂ ಶುಗರ್‌ಗೂ ಇದು ಒಳ್ಳೆಯದು. ಆದರೆ ಬಿ12, ಕಬ್ಬಿಣ, ಕ್ಯಾಲ್ಸಿಯಂ ಜೀವನಪೂರ್ತಿ ನುಂಗಬೇಕು. ಒಂದು ಹೋಳಿಗೆ ತಿಂದರೂ ಬೆವೆತು ತಲೆ ಸುತ್ತಬಹುದು. ಮಿನಿ ಬೈಪಾಸ್ ಅನ್ನುವುದು ಜೋಡಣೆ ಒಂದೇ ಇರುವ, ಬೇಗ ಮುಗಿಯುವ ಆಪರೇಷನ್. ಪಿತ್ತ ಮೇಲೆ ಬರುವ, ಪ್ರೋಟೀನ್ ಕುಸಿಯುವ ಭಯ ಇದರಲ್ಲಿದೆ. ಶುದ್ಧ ಸಸ್ಯಾಹಾರಿಗಳು ಇದನ್ನು ಆರಿಸುವ ಮೊದಲು ಡಯಟೀಷಿಯನ್ ಜೊತೆ ಒಂದು ಗಂಟೆ ಕೂರಬೇಕು.

ಮೊದಲು ಇಂಜೆಕ್ಷನ್

ಈಗ ಇದೇ ದೊಡ್ಡ ಗೊಂದಲ. ತೂಕ ಇಳಿಸುವ ಇಂಜೆಕ್ಷನ್‌ಗಳಾದ ಮೌಂಜಾರೋ (ಒಳಗಿನ ಔಷಧಿ ಟಿರ್ಜೆಪಟೈಡ್) 2025ರ ಮಾರ್ಚ್‌ನಲ್ಲಿ, ವೆಗೋವಿ (ಒಳಗಿನ ಔಷಧಿ ಸೆಮಾಗ್ಲುಟೈಡ್) ಅದೇ ವರ್ಷ ಜೂನ್‌ನಲ್ಲಿ ನಮ್ಮಲ್ಲಿಗೆ ಬಂದವು. ವಾರಕ್ಕೊಂದು ಚುಚ್ಚು. ದೊಡ್ಡ ಪ್ರಯೋಗಗಳಲ್ಲಿ ಸೆಮಾಗ್ಲುಟೈಡ್‌ನಿಂದ ಸರಾಸರಿ ತೂಕದ 15 ಶೇಕಡಾ, ಟಿರ್ಜೆಪಟೈಡ್‌ನ ದೊಡ್ಡ ಡೋಸಿನಿಂದ ಸುಮಾರು 21 ಶೇಕಡಾ ಇಳಿಯಿತು. ಆಪರೇಷನ್‌ನಲ್ಲಿ ಇಳಿಯುವುದು ಸಾಮಾನ್ಯವಾಗಿ 25ರಿಂದ 30 ಶೇಕಡಾ.

ದುಡ್ಡಿನ ಲೆಕ್ಕ ಮಾಡಿ. ಮೌಂಜಾರೋ ಬಂದಾಗ ಒಂದು ವಯಲ್‌ಗೆ 3,500 ಮತ್ತು 4,375 ರೂಪಾಯಿ. ತಿಂಗಳಿಗೆ ನಾಲ್ಕು ಅಂದರೆ 14,000ದಿಂದ 17,500. ಎರಡು ವರ್ಷಕ್ಕೆ ಒಂದು ಆಪರೇಷನ್ ದುಡ್ಡು ಮುಗಿಯಿತು. ಮತ್ತೆ, ನಿಲ್ಲಿಸಿದರೆ ಹಸಿವೂ ತೂಕವೂ ವಾಪಸ್ ಬರುತ್ತವೆ. ಸೆಮಾಗ್ಲುಟೈಡ್ ಪೇಟೆಂಟ್ ನಮ್ಮ ದೇಶದಲ್ಲಿ 2026ರ ಮಾರ್ಚ್‌ವರೆಗೆ ಇದ್ದದ್ದು. ಹಾಗಾಗಿ ಬೆಲೆ ವಿಚಾರಿಸುವಾಗ ಜೆನೆರಿಕ್ ಬಗ್ಗೆಯೂ ಕೇಳಿ.

ಬಿಎಂಐ 30ರ ಆಸುಪಾಸಿನವರಿಗೆ, 32.5ರಿಂದ 35ರ ನಡುವೆ ಸಿಕ್ಕಿಬಿದ್ದವರಿಗೆ, ಚಾಕು ಅಂದರೆ ನಡುಗುವವರಿಗೆ ಇದು ಮೊದಲು ನೋಡಬೇಕಾದ ದಾರಿ. ‘ಆಪರೇಷನ್ ಬೇಡ’ ಅಂದ ಡಾಕ್ಟರು ಇದಕ್ಕೆ ಒಪ್ಪುವುದೂ ಉಂಟು. ಆರು ತಿಂಗಳಲ್ಲಿ ಕೆಲಸ ಮಾಡದಿದ್ದರೆ ‘ಬೇರೆ ದಾರಿ ಸೋತಿದೆ’ ಅನ್ನುವ ಕಾಗದ ಕೈಯಲ್ಲಿರುತ್ತದೆ. ಬಿಎಂಐ 45 ಇರುವವರು ಮಾತ್ರ ಇದೊಂದನ್ನೇ ನಂಬಿ ಎರಡು ಮೂರು ವರ್ಷ ಕಳೆಯುವುದು ನನಗೆ ಸರಿ ಕಾಣುವುದಿಲ್ಲ. ಆಮೇಲೆ ಆಪರೇಷನ್‌ಗೆ ಹೋಗುವುದಾದರೆ ಇಂಜೆಕ್ಷನ್ ವಿಷಯ ಅರಿವಳಿಕೆ ಡಾಕ್ಟರಿಗೆ ಹೇಳಲೇಬೇಕು. ಇದು ಊಟವನ್ನು ಹೊಟ್ಟೆಯಲ್ಲೇ ಜಾಸ್ತಿ ಹೊತ್ತು ನಿಲ್ಲಿಸುತ್ತದೆ.

ಹೊಟ್ಟೆಯೊಳಗೆ ಬಲೂನ್ ಇಡುವುದೂ ಇದೆ. ಕೆಲವು ತಿಂಗಳಿಗೆ ಅದು ಹೊರಗೆ, ಅದರ ಹಿಂದೆಯೇ ತೂಕ ಒಳಗೆ. ಮೊಣಕಾಲು ಆಪರೇಷನ್‌ಗೆ ಮುಂಚೆ ಹತ್ತು ಕಿಲೋ ಇಳಿಸಬೇಕು ಅನ್ನುವವರಿಗೆ ಸರಿ. ಮದುವೆ ಫೋಟೋಗೋಸ್ಕರ ಅಂದರೆ ಆ ದುಡ್ಡಿಗೆ ಒಡವೆ ತೆಗೆದುಕೊಳ್ಳಿ.

ಯಾರಿಗೂ ಹೇಳದೆ ಮಾಡಿಸಿಕೊಳ್ಳುವುದು

ಇದೂ ಒಂದು ದಾರಿ ಅಂತ ಜನ ಕೇಳುತ್ತಾರೆ. ಫ್ಯಾಮಿಲಿ ಡಾಕ್ಟರಿಗೆ ಹೇಳುವುದಿಲ್ಲ, ಬೈತಾರೆ ಅಂತ. ಉಳಿದ ಎಲ್ಲ ದಾರಿಗೂ ನಾನು ‘ನೋಡಿ ಮಾಡಿ’ ಅನ್ನುತ್ತೇನೆ, ಇದಕ್ಕೆ ಮಾತ್ರ ಬೇಡ.

ಆಪರೇಷನ್ ಆದ ಕೆಲವೇ ದಿನಕ್ಕೆ ಶುಗರ್, ಬಿಪಿ ಇಳಿಯಲು ಶುರುವಾಗುತ್ತವೆ. ವಿಷಯ ಗೊತ್ತಿಲ್ಲದ ಡಾಕ್ಟರು ಹಳೇ ಡೋಸನ್ನೇ ಮುಂದುವರಿಸಿದರೆ ಒಂದು ದಿನ ಬಸ್‌ಸ್ಟಾಪಿನಲ್ಲಿ ತಲೆ ಸುತ್ತಿ ಬೀಳಬಹುದು. ಮೊಣಕಾಲು ನೋವು ಅಂತ ಹೋದರೆ ಡೈಕ್ಲೋಫೆನಾಕ್ ಬರೆಯುತ್ತಾರೆ. ಬೈಪಾಸ್ ಆದವರಿಗೆ ಆ ಜಾತಿಯ ನೋವಿನ ಮಾತ್ರೆಯಿಂದ ಹುಣ್ಣಾಗಬಹುದು. ಆರು ತಿಂಗಳಲ್ಲಿ ಕೂದಲು ಉದುರಿದರೆ, ಕೈಕಾಲು ಜುಮ್ ಅಂದರೆ ಯಾಕೆ ಅಂತ ಅವರಿಗೆ ಹೊಳೆಯುವುದೇ ಇಲ್ಲ.

ಅಕ್ಕ ಕೊನೆಗೆ ಆರಿಸಿಕೊಂಡದ್ದು ಎರಡನೇ ದಾರಿಯಿಂದ ಮೂರನೆಯದು. ಎಂಡೋಕ್ರಿನಾಲಜಿಸ್ಟ್ ಪತ್ರ, ಆಮೇಲೆ ಸರ್ಜನ್, ಬೈಪಾಸ್. ಬಿಎಂಐ 38, ಜೊತೆಗೆ ಹತೋಟಿಗೆ ಬಾರದ ಶುಗರ್ ಇದ್ದದ್ದರಿಂದ ಇನ್ಶೂರೆನ್ಸ್ ಒಪ್ಪಿತು. ಅದೂ ಎರಡನೇ ಸಲ ಕಾಗದ ಕಳಿಸಿದ ಮೇಲೆ. ಆಪರೇಷನ್ ಆದ ನಾಲ್ಕನೇ ವಾರ ಡಿಸ್ಚಾರ್ಜ್ ಸಮ್ಮರಿ ಹಿಡಿದು ಬಸವನಗುಡಿಗೇ ಹೋದಳು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ, ಬೈಗುಳ ಕೇಳಿಸುತ್ತದೆ ಅಂತ. ಕೇಳಿಸಲಿಲ್ಲ. ಅವರು ಪುಟ ತಿರುವಿ, ಒಂದು ಶುಗರ್ ಮಾತ್ರೆ ನಿಲ್ಲಿಸಿರುವುದನ್ನು ಎರಡು ಸಲ ಓದಿದರಂತೆ. ಆಮೇಲೆ ತಮ್ಮ ಹಳೇ ಕಾರ್ಡ್ ತೆಗೆದು, ನೋವಿನ ಮಾತ್ರೆ ಕೊಡಕೂಡದು ಅಂತ ಕೆಂಪು ಇಂಕಿನಲ್ಲಿ ಬರೆದುಕೊಂಡರು. “ಬಿ12 ಇಂಜೆಕ್ಷನ್‌ಗೆ ಅಲ್ಲಿವರೆಗೂ ಹೋಗಬೇಡ, ಇಲ್ಲೇ ಬಾ” ಅಂದರಂತೆ.